ತರಗತಿಯ ಸೆಕೆಯೂ ಮಕ್ಕಳ ಏಕಾಗ್ರತೆಯೂ

(ಬೇಲಾಪುರದಲ್ಲಿ ರಾಜ್ಯೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಸಾಮಾನ್ಯವಾಗಿ ಕೇಳಿಬರುವುದು ನಾಡುನುಡಿಗಳ ಹಿರಿಮೆ. ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಒಂದುಗೂಡಿದ ಕಥೆಯನ್ನೂ, 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಕಥೆಯನ್ನೂ ನಮಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ಇಲ್ಲಿಯೇ ಕುಳಿತಿದ್ದಾರೆ. ನಾವು ಆರಿಸಿಕೊಂಡಿರುವ ವಿಷಯ ಅಷ್ಟು ಎತ್ತರದ್ದಲ್ಲ. ನಮ್ಮ ಮಕ್ಕಳು ಕುಳಿತು ಓದುವ ಕೋಣೆಯ ಸೆಕೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ರಾಜ್ಯೋತ್ಸವಕ್ಕೂ ಸೆಕೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಮೊದಲನೆಯದಾಗಿ, ಈ ಹಬ್ಬ ಬರುವುದೇ ಮುಂಬಯಿ ಸೀಮೆಯ ಅಕ್ಟೋಬರ್ ಸೆಕೆಯ ಬೆನ್ನಿಗೆ. ತಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಗಳು ಈಗ ಬೀಸಣಿಗೆಯ ಕೆಲಸ ಮಾಡುತ್ತಿರುವುದು ನಮಗೆ ಕಾಣಿಸುತ್ತಿದೆ. ಎರಡನೆಯ ಸಂಬಂಧವನ್ನು ಹೇಳಬೇಕಾದರೆ ನಮ್ಮದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾವು ಕೆಲವರು ಸೇರಿ, ಭಾನುವಾರದ ಮಧ್ಯಾಹ್ನ ಮಕ್ಕಳಿಗೆ ಕನ್ನಡ ಓದು ಬರಹ ಕಲಿಸುವ ಪಾಠವೊಂದನ್ನು ನಡೆಸುತ್ತಿದ್ದೆವು. ಬಾಡಿಗೆ ಕೊಟ್ಟು ಸ್ಥಳ ಹಿಡಿಯುವ ಶಕ್ತಿ ನಮಗಿರಲಿಲ್ಲ. ಪುಣ್ಯಾತ್ಮರೊಬ್ಬರು ಪುಕ್ಕಟೆ ಕೊಟ್ಟದ್ದು ಒಂದು ಕಟ್ಟಡದ ಮೇಲಂತಸ್ತಿನ ಕೋಣೆ. ಮೇಲೆ ತಗಡಿನ ಚಾವಣಿ. ಪಶ್ಚಿಮದ ಗೋಡೆಯಲ್ಲಿ ಮಾತ್ರ ಕಿಟಕಿ. ದೊರೆತ ವೇಳೆ ಎರಡರಿಂದ ನಾಲ್ಕು ಗಂಟೆ. ಏಕೆಂದರೆ ಬೇರೆ ಯಾರಿಗೂ ಬೇಡವಾದ ವೇಳೆ ಅದೊಂದೇ ಆಗಿತ್ತು. ಆ ಪಾಠಕ್ಕೆ ಹತ್ತು ವರ್ಷದ ಒಬ್ಬ ಹುಡುಗ ಬರುತ್ತಿದ್ದ. ಎತ್ತರದ ಹುಡುಗನಾದುದರಿಂದ ಅವನನ್ನು ಹಿಂದಿನ ಬೆಂಚಿನ ಗೋಡೆಯ ಬದಿಯಲ್ಲಿ ಕೂರಿಸಿದ್ದೆವು. ಮೊದಲ ಅರ್ಧ ಗಂಟೆ ಚುರುಕಾಗಿರುತ್ತಿದ್ದವನು ಆಮೇಲೆ ಕಾಗುಣಿತವನ್ನು ನಡುವೆಯೇ ಬಿಟ್ಟು ಪೆನ್ಸಿಲು ತಿರುಗಿಸುತ್ತ ಕೂರುವನು; ಕೇಳಿದ್ದಕ್ಕೆ ತಪ್ಪು ಉತ್ತರ ಹೇಳುವನು; ಕೆಲವೊಮ್ಮೆ ಮೇಜಿನ ಮೇಲೆ ತಲೆಯಿಟ್ಟು ಬಿಡುವನು. ನಾವು ಗದರಿಸಿದೆವು. ಎಲ್ಲರ ಮುಂದೆ, "ಶಾಲೆಯ ಇಂಗ್ಲಿಷಿಗೆ ಇರುವ ಗಮನ ತಾಯ್ನುಡಿಗೆ ಇಲ್ಲವೆ?" ಎಂದು ಕೇಳಿದೆವು. ಎರಡು ವಾರ ಕಳೆಯುವಷ್ಟರಲ್ಲಿ ಹುಡುಗ ಬರುವುದನ್ನು ನಿಲ್ಲಿಸಿದ. ಅವನ ತಾಯಿ ರೈಲು ನಿಲ್ದಾಣದಲ್ಲಿ ಸಿಕ್ಕಾಗ, "ಅಲ್ಲಿ ಕೂತರೆ ಅವನಿಗೆ ತಲೆನೋವು ಬರ್ತದಂತೆ ಮಾಸ್ಟ್ರೇ" ಎಂದರು. ನಾವು ಅದನ್ನು ನೆಪವೆಂದೇ ಭಾವಿಸಿದೆವು.

ಆಮೇಲೆ ಒಂದು ಭಾನುವಾರ, ಮಕ್ಕಳ ಪುಸ್ತಕಗಳನ್ನು ತಿದ್ದಲೆಂದು ಆ ಹುಡುಗನ ಜಾಗದಲ್ಲಿಯೇ ಕುಳಿತೆವು. ಬೆನ್ನಿಗೆ ತಗುಲಿದ ಗೋಡೆ ದೋಸೆಯ ಕಾವಲಿಯಂತಿತ್ತು. ಪಂಖ ಆ ಮೂಲೆಗೆ ಎಟಕುತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಒಂದೇ ಸಾಲನ್ನು ಮೂರು ಬಾರಿ ಓದುತ್ತಿದ್ದೇವೆಂಬುದು ಅರಿವಿಗೆ ಬಂತು. ವಯಸ್ಸಾದ ನಾವು ತಿದ್ದಲಾರದ ಕಡೆ ಆ ಹುಡುಗ ಬರೆಯಲಿಲ್ಲವೆಂದು ಗದರಿಸಿದ್ದೆವು. ಅಂದಿನಿಂದ ಈ ವಿಷಯದ ಬಗೆಗೆ ದೊರೆತದ್ದನ್ನು ಓದಲು ತೊಡಗಿದೆವು. ಓದಿ ತಿಳಿದದ್ದರಲ್ಲಿ ಸಂಸಾರವಂದಿಗರಿಗೆ ಉಪಯೋಗವಾಗಬಹುದಾದಷ್ಟನ್ನು ಇಲ್ಲಿ ಒಪ್ಪಿಸುತ್ತೇವೆ. ನಾವು ಹೇಳುವ ಡಿಗ್ರಿಗಳೆಲ್ಲ ಸೆಲ್ಸಿಯಸ್ ಲೆಕ್ಕದವು.

ನಮ್ಮ ಮೈಯ ಒಳಗಿನ ಶಾಖ ಸುಮಾರು 37 ಡಿಗ್ರಿ. ಚಳಿಗಾಲವಿರಲಿ ಬೇಸಗೆಯಿರಲಿ, ದೇಹ ಇದನ್ನು ಹೆಚ್ಚುಕಡಿಮೆಯಾಗದಂತೆ ಕಾಪಾಡಿಕೊಂಡು ಬರುತ್ತದೆ. ಉಂಡ ಅನ್ನ ಒಳಗೆ ಉರಿಯುತ್ತಲೇ ಇರುವುದರಿಂದ ಮೈ ಸದಾ ಶಾಖವನ್ನು ಹೊರಕ್ಕೆ ಬಿಡುತ್ತಿರಬೇಕು. ಸುಮ್ಮನೆ ಕುಳಿತ ಒಬ್ಬ ವಯಸ್ಕನ ಮೈ ಸುಮಾರು 100 ವ್ಯಾಟಿನ ಹಳೆಯ ಬಲ್ಬಿನಷ್ಟು ಶಾಖವನ್ನು ಬಿಡುತ್ತದೆ. ಮಗುವಿನ ಮೈ ಅದಕ್ಕಿಂತ ಸ್ವಲ್ಪ ಕಡಿಮೆ. ಐವತ್ತು ಮಕ್ಕಳು ತುಂಬಿದ ತರಗತಿಯಲ್ಲಿ, ಮೂರು ನಾಲ್ಕು ಇಸ್ತ್ರಿಪೆಟ್ಟಿಗೆಗಳನ್ನು ಹಚ್ಚಿಟ್ಟಷ್ಟು ಶಾಖ ಮಕ್ಕಳ ಮೈಯಿಂದಲೇ ಹುಟ್ಟುತ್ತಿರುತ್ತದೆ ಎಂದಾಯಿತು. ಬಿಸಿಲು, ಚಾವಣಿ, ಗೋಡೆಗಳ ಲೆಕ್ಕ ಬೇರೆ.

ಸುತ್ತಲಿನ ಗಾಳಿ ತಂಪಾಗಿದ್ದರೆ ಈ ಶಾಖ ಗಾಳಿಗೆ ಸುಲಭವಾಗಿ ಹೋಗುತ್ತದೆ. ಗಾಳಿಯೇ ಬಿಸಿಯಾದಾಗ ಉಳಿಯುವ ದಾರಿ ಬೆವರು ಒಂದೇ. ಆದರೆ ಬೆವರು ಸುರಿದರೆ ಸಾಲದು, ಅದು ಆರಬೇಕು; ಆರುವಾಗ ಮೈಯ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಇಲ್ಲಿಯೇ ಬೇಲಾಪುರಕ್ಕೂ ಕಲಬುರಗಿಗೂ ಇರುವ ಅಂತರ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಿಸಿದರೆ, ನೀರು ಆರುವುದರಿಂದ ಎಷ್ಟು ತಂಪು ದೊರೆಯಬಹುದೆಂಬುದು ಗೊತ್ತಾಗುತ್ತದೆ. ಕಲಬುರಗಿಯ ಬಿಸಿಲು 40 ಡಿಗ್ರಿಯಿದ್ದು, ಗಾಳಿಯ ತೇವ ನೂರಕ್ಕೆ 20 ಇದ್ದರೆ, ಆ ಒದ್ದೆ ಬಟ್ಟೆಯ ಮಾಪಕ ಸುಮಾರು 22ಕ್ಕೆ ಇಳಿಯುತ್ತದೆ. ಇಲ್ಲಿ 33 ಡಿಗ್ರಿಯಿದ್ದು ತೇವ ನೂರಕ್ಕೆ 70 ಇದ್ದರೆ, ಅದು 28ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕಲಬುರಗಿಯ ಬಿಸಿಲು ನಿರಪಾಯವೆಂದು ಇದರರ್ಥವಲ್ಲ. ಅಲ್ಲಿಯ ಝಳಕ್ಕೆ ಅದರದೇ ಆದ ಕ್ರೌರ್ಯವುಂಟು. ಆದರೆ, "ನಮ್ಮೂರಿನಲ್ಲಿ ನಲವತ್ತು ಡಿಗ್ರಿ ಕಂಡವರು ನಾವು, ಈ ಮೂವತ್ಮೂರು ಯಾವ ಲೆಕ್ಕ?" ಎಂದು ಉತ್ತರ ಕರ್ನಾಟಕದ ನಮ್ಮ ಬಂಧುಗಳು ಹೇಳುವಾಗ, ಇಲ್ಲಿಯ ಮೂವತ್ಮೂರರಲ್ಲಿ ಬೆವರು ಆರುವುದಿಲ್ಲವೆಂಬುದನ್ನು ಮರೆಯಬಾರದು. ಮಂಗಳೂರು ಉಡುಪಿಗಳ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾರತದ ಹವಾಮಾನ ಇಲಾಖೆಯೂ ಈ ಭೇದವನ್ನು ಒಪ್ಪಿದೆ. ಬಿಸಿಗಾಳಿಯೆಂದು ಸಾರಲು ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಬೇಕು. ಕರಾವಳಿಯಲ್ಲಿ 37 ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಮೇಲಿದ್ದರೆ ಸಾಕು. 2023ರ ಏಪ್ರಿಲ್ 16ರಂದು ನಮ್ಮ ನೆರೆಯ ಖಾರಘರದ ಬಯಲಿನಲ್ಲಿ ನಡೆದ ಸಮಾರಂಭದಲ್ಲಿ ಬಿಸಿಲಿಗೆ ಕುಳಿತವರ ಪೈಕಿ 14 ಮಂದಿ ತೀರಿಕೊಂಡರು. ಅಂದಿನ ಉಷ್ಣತೆ ಸುಮಾರು 38 ಡಿಗ್ರಿ. ಆ ದಿನದ ನೆನಪು ನಮ್ಮಲ್ಲಿ ಹಲವರಿಗೆ ಇನ್ನೂ ಹಸಿಯಾಗಿದೆ. ತರಗತಿಯ ಸೆಕೆ ಪ್ರಾಣ ತೆಗೆಯುವ ಮಟ್ಟಕ್ಕೆ ಹೋಗುವುದು ವಿರಳ. ಅದು ಸದ್ದಿಲ್ಲದೆ ತೆಗೆಯುವುದು ಬೇರೆಯದನ್ನು.

ಅದು ತೆಗೆಯುವುದು ಗಮನವನ್ನು. ಮೈ ಬಿಸಿಯಾದಾಗ ರಕ್ತ ಚರ್ಮದ ಕಡೆಗೆ ಹೆಚ್ಚಾಗಿ ಹರಿಯುತ್ತದೆ, ಎದೆಬಡಿತ ಏರುತ್ತದೆ, ಬೆವರಿನೊಡನೆ ನೀರೂ ಉಪ್ಪೂ ಹೋಗಿ ಆಯಾಸ, ತಲೆನೋವು ಬರುತ್ತವೆ. ಇವೆಲ್ಲಕ್ಕಿಂತ ಮೊದಲು ಬರುವುದು ಕಿರಿಕಿರಿ. ಬೆನ್ನಿಗೆ ಅಂಟಿದ ಅಂಗಿ, ಪುಟಕ್ಕೆ ಅಂಟುವ ಅಂಗೈ, ಕಣ್ಣಿಗೆ ಇಳಿಯುವ ಬೆವರು, ಇವುಗಳ ಕಡೆಗೆ ಮನಸ್ಸಿನ ಒಂದು ಪಾಲು ಹೋಗುತ್ತಲೇ ಇರುತ್ತದೆ. ಗಮನವೆಂಬುದು ನಮ್ಮ ತಿಂಗಳ ಸಂಬಳದಂತೆ. ಬಾಡಿಗೆಗೆ ಹೋದದ್ದು ದಿನಸಿಗೆ ಉಳಿಯುವುದಿಲ್ಲವೆಂಬುದನ್ನು ಈ ಊರಿನಲ್ಲಿ ಸಂಸಾರ ಹೂಡಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇದು ನಮ್ಮ ಊಹೆಯ ಮಾತಲ್ಲ. ಬಹಳ ಕಾಲದಿಂದ ಅಳೆದು ನೋಡಿದ ಸಂಗತಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ತಂತಿರಹಿತ ಸಂದೇಶಗಳನ್ನು ಕೇಳಿ ಬರೆದುಕೊಳ್ಳುವ ಸಿಬ್ಬಂದಿಯನ್ನು ಬಿಸಿ ಕೋಣೆಗಳಲ್ಲಿ ಕೂರಿಸಿ, ಅವರ ತಪ್ಪುಗಳನ್ನು ಎಣಿಸಿದನು. 1946ರಲ್ಲಿ ಪ್ರಕಟವಾದ ಆ ಪರೀಕ್ಷೆಯ ಫಲ ಹೀಗಿತ್ತು: ಸೆಕೆ ಒಂದು ಮಟ್ಟ ಮುಟ್ಟುವವರೆಗೆ ತಪ್ಪುಗಳು ಅಷ್ಟಾಗಿ ಹೆಚ್ಚಲಿಲ್ಲ, ಅದನ್ನು ದಾಟಿದ ಮೇಲೆ ಬೇಗ ಬೇಗ ಹೆಚ್ಚಿದವು. ಇನ್ನೊಂದು ವಿಶೇಷವೆಂದರೆ, ಕೆಲಸದಲ್ಲಿ ನುರಿತವರು ಕಡಮೆ ತಪ್ಪಿದರು, ಹೊಸಬರೂ ಹಿಂದುಳಿದವರೂ ಹೆಚ್ಚು ತಪ್ಪಿದರು. ನಮ್ಮ ಮಟ್ಟಿಗೆ ಬಹಳ ಮುಖ್ಯವಾದ ಮಾತು ಇದು. ಪಾಠ ಬಲ್ಲ ಮಗು ಸೆಕೆಯಲ್ಲಿಯೂ ಹೇಗೋ ದಾಟಿಕೊಳ್ಳುತ್ತದೆ. ಈಗಷ್ಟೇ ಅಕ್ಷರ ಕೂಡಿಸುತ್ತಿರುವ ಮಗು ಎಡವುತ್ತದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕನ್ನಡದ ಮಟ್ಟಿಗೆ ಹೊಸಬರೇ ಅಲ್ಲವೆ?

ಇತ್ತೀಚಿನ ಪರೀಕ್ಷೆಗಳೂ ಇದೇ ಕಡೆಗೆ ಬೆರಳು ತೋರುತ್ತವೆ. ಅಮೆರಿಕದ ಬಾಸ್ಟನ್ ನಗರದಲ್ಲಿ 2016ರ ಬೇಸಗೆಯ ಬಿಸಿಗಾಳಿಯ ದಿನಗಳಲ್ಲಿ 44 ಮಂದಿ ವಿದ್ಯಾರ್ಥಿಗಳಿಗೆ ಪ್ರತಿದಿನ ಬೆಳಗ್ಗೆ ಎದ್ದ ಕೂಡಲೇ ಸಣ್ಣ ಪರೀಕ್ಷೆಗಳನ್ನು ಕೊಟ್ಟರು. ಹವಾನಿಯಂತ್ರಣವಿಲ್ಲದ ವಸತಿಗೃಹದವರು, ಅದು ಇದ್ದವರಿಗಿಂತ ಉತ್ತರಿಸುವ ವೇಗದಲ್ಲಿ ನೂರಕ್ಕೆ ಸುಮಾರು 13ರಷ್ಟು ಹಿಂದೆ ಬಿದ್ದರು. ಇವರೆಲ್ಲ ಆರೋಗ್ಯವಂತ ತರುಣರು; ಪರೀಕ್ಷೆ ನಡೆದದ್ದು ಬೆಳಗಿನ ಹೊತ್ತು. ರಾತ್ರಿ ಮಲಗಿದ ಕೋಣೆಯ ಧಗೆ ಮರುದಿನದ ಬುದ್ಧಿಗೂ ತಟ್ಟುತ್ತದೆಂದು ಇದರಿಂದ ತಿಳಿಯುತ್ತದೆ. ಅದೇ ದೇಶದಲ್ಲಿ ಸುಮಾರು ಒಂದು ಕೋಟಿ ವಿದ್ಯಾರ್ಥಿಗಳ ಅಂಕಗಳನ್ನು ಕೂಡಿಸಿ ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಹವಾನಿಯಂತ್ರಣವಿಲ್ಲದ ಶಾಲೆಗಳಲ್ಲಿ, ಪರೀಕ್ಷೆಯ ಹಿಂದಿನ ಶಾಲಾವರ್ಷ ಒಂದು ಡಿಗ್ರಿ ಫ್ಯಾರನ್‌ಹೈಟ್‌ನಷ್ಟು, ಅಂದರೆ ನಮ್ಮ ಲೆಕ್ಕದಲ್ಲಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಬಿಸಿಯಾದರೆ, ಆ ವರ್ಷದ ಕಲಿಕೆ ನೂರಕ್ಕೆ ಒಂದರಷ್ಟು ಕುಗ್ಗುತ್ತದೆಂದು ಅದರಲ್ಲಿ ಕಂಡುಬಂತು. ಈ ನಷ್ಟದ ದೊಡ್ಡ ಪಾಲು ಬಡವರ ಮಕ್ಕಳ ಪಾಲಿಗೆ ಬಿತ್ತು. ನ್ಯೂಯಾರ್ಕಿನಲ್ಲಿ ಜೂನ್ ತಿಂಗಳ ಪರೀಕ್ಷೆಗಳನ್ನು ಪರಿಶೀಲಿಸಿದವರು, ಬಿಸಿ ಹೆಚ್ಚಿದ ದಿನ ಪರೀಕ್ಷೆ ಬರೆದ ಮಕ್ಕಳ ಅಂಕ ಇಳಿದದ್ದನ್ನು ಕಂಡರು. ಅಲ್ಲಿಯ ಉಪಾಧ್ಯಾಯರು, ತೇರ್ಗಡೆಯ ಗೆರೆಯ ಹತ್ತಿರ ನಿಂತ ಮಕ್ಕಳಿಗೆ ಅಂಥ ದಿನಗಳ ಉತ್ತರಪತ್ರಿಕೆಗಳಲ್ಲಿ ಸ್ವಲ್ಪ ಹೆಚ್ಚು ಅಂಕ ಕೊಟ್ಟಿದ್ದರೆಂಬುದೂ ಲೆಕ್ಕದಲ್ಲಿ ಹೊರಬಿತ್ತು. ಮಕ್ಕಳ ಮುಖ ನೋಡಿದ ಮಾಸ್ತರರಿಗೆ ಯಾವ ಉಷ್ಣಮಾಪಕವೂ ಬೇಕಾಗಲಿಲ್ಲವೆಂದು ತೋರುತ್ತದೆ.

ನಮ್ಮ ದೇಶದ ಒಂದು ಅಧ್ಯಯನವನ್ನೂ ಹೇಳಬೇಕು. ಬಿಸಿ ದಿನಗಳು ಹೆಚ್ಚಾದ ವರ್ಷದ ಮುಂದಿನ ವರ್ಷ, ಗ್ರಾಮಾಂತರದ ಮಕ್ಕಳ ಗಣಿತವೂ ಓದೂ ಹಿಂದೆ ಬೀಳುತ್ತವೆಂದು 2020ರಲ್ಲಿ ಪ್ರಕಟವಾದ ಆ ಅಧ್ಯಯನ ತೋರಿಸಿತು. ಅಲ್ಲಿ ಮುಖ್ಯ ಕಾರಣ ತರಗತಿಯ ಸೆಕೆಯಲ್ಲ, ಒಣಗಿದ ಬೆಳೆ. ಬೆಳೆ ಹೋದರೆ ಮನೆಯ ವರಮಾನ ಹೋಗುತ್ತದೆ, ವರಮಾನ ಹೋದರೆ ಮಗುವಿನ ಊಟಕ್ಕೂ ಓದಿಗೂ ಕೊರತೆ ಬೀಳುತ್ತದೆ. ಉದ್ಯೋಗ ಖಾತರಿ ಯೋಜನೆ ಬಂದ ಕಡೆ ಈ ಪೆಟ್ಟು ಕಡಮೆಯಾಯಿತೆಂದೂ ಅದರಲ್ಲಿದೆ. ಬರದ ವರ್ಷಗಳಲ್ಲಿ ಊರು ಬಿಟ್ಟು ಬಂದ ಮನೆತನಗಳು ನಮ್ಮ ನಡುವೆ ಎಷ್ಟಿಲ್ಲ! ಅವರಿಗೆ ಇದು ಪುಸ್ತಕದ ಮಾತಾಗಿ ಕೇಳಿಸದು.

ಇನ್ನು ಎದುರಿನ ಮಾತನ್ನೂ ಕೇಳೋಣ. "ನಮ್ಮ ಕಾಲದಲ್ಲಿ ಪಂಖವೆಲ್ಲಿತ್ತು? ನಾವು ಓದಲಿಲ್ಲವೆ?" ಎಂದು ಹಿರಿಯರು ಕೇಳುತ್ತಾರೆ. ಈ ಮಾತಿನಲ್ಲಿ ನಿಜವಿದೆ. 1910ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಥಾರ್ನ್‌ಡೈಕ್ ಮೊದಲಾದ ವಿದ್ವಾಂಸರು ಜನರನ್ನು ಬಿಸಿ ಕೋಣೆಗಳಲ್ಲಿ ಕೂರಿಸಿ ಲೆಕ್ಕ ಮಾಡಿಸಿದಾಗ, ಹುರಿದುಂಬಿಸಿ ಕೆಲಸ ಮಾಡಿಸಿದರೆ ಬುದ್ಧಿಯ ಕೆಲಸ ಅಷ್ಟೇನೂ ಕೆಡುವುದಿಲ್ಲವೆಂದು ಕಂಡಿದ್ದರು. ಮನಸ್ಸು ಮಾಡಿದರೆ ಸ್ವಲ್ಪ ಹೊತ್ತು ಸೆಕೆಯನ್ನು ಗೆಲ್ಲಬಹುದು. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಇತಿಹಾಸವೇ ಇದಕ್ಕೆ ಸಾಕ್ಷಿ. ಹಗಲೆಲ್ಲ ಹೋಟೆಲಿನ ಒಲೆಯ ಮುಂದೆ ಬೆಂದ ಹುಡುಗರು ರಾತ್ರಿ ಬೆಂಚಿನ ಮೇಲೆ ಕುಳಿತು ಓದಿ, ಮುಂದೆ ಬಂದು, ಸಂಘ ಸಂಸ್ಥೆಗಳನ್ನು ಕಟ್ಟಿದರು. ಅವರಿಗೆ ನಾವು ತಲೆಬಾಗುತ್ತೇವೆ. ಆದರೆ ಹಾಗೆ ದಡ ಸೇರಿದವರನ್ನು ಮಾತ್ರ ನಾವು ಕಾಣುತ್ತೇವೆ. ನಿದ್ದೆ ತಡೆಯಲಾರದೆ ಶಾಲೆ ಬಿಟ್ಟವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲಿಯೂ ಅಚ್ಚಾಗಿಲ್ಲ. ಅದೂ ಅಲ್ಲದೆ, ಒಂದು ಗಂಟೆ ಹಲ್ಲು ಕಚ್ಚಿ ಕೂರುವುದು ಬೇರೆ. ವರ್ಷದಲ್ಲಿ ಇನ್ನೂರು ದಿನ ದಿನಕ್ಕೆ ಐದಾರು ಗಂಟೆ ಕೂರುವುದು ಬೇರೆ.

ಹಿರಿಯರ ಕಾಲದ ಶಾಲೆಯ ಕಟ್ಟಡವನ್ನೂ ನೆನೆಯೋಣ. ಕರಾವಳಿಯ ಶಾಲೆಗಳಿಗೆ ಎತ್ತರದ ಹಂಚಿನ ಮಾಡು. ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಹಂಚು ದೇಶವಿದೇಶಗಳಿಗೆ ಹೋಯಿತು. ಹಂಚಿನ ಸಂದುಗಳಿಂದ ಬಿಸಿಗಾಳಿ ಹೊರಬೀಳುತ್ತಿತ್ತು. ಮುಂದೆ ಚಾಚಿದ ಮಾಡು ಗೋಡೆಗೆ ಬಿಸಿಲು ತಾಗದಂತೆ ಕಾಯುತ್ತಿತ್ತು. ಬಯಲುಸೀಮೆಯಲ್ಲಿ ಮಾರುದ್ದದ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿ. ಹಗಲಿನ ಬಿಸಿಲು ಒಳಗೆ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಪಾಠ ಬೇಸರವಾದರೆ ಮಾಸ್ತರರು ಬೇವಿನ ಮರದಡಿಗೆ ಕರೆದೊಯ್ಯುತ್ತಿದ್ದರು. ಬೇಸಗೆ ಬಂದರೆ ಬೆಳಗಿನ ಶಾಲೆ. ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳಿಗೂ ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಕೆಲಸದ ವೇಳೆ ನಿಗದಿಯಾದದ್ದುಂಟು. ಹೀಗೆ ಹಿರಿಯರು ಸೆಕೆಯನ್ನು ಸಹಿಸಿದ್ದು ಮಾತ್ರವಲ್ಲ, ಅದಕ್ಕೆ ಉಪಾಯಗಳನ್ನೂ ಮಾಡಿಕೊಂಡಿದ್ದರು. ಇಂದಿನ ಮಕ್ಕಳಿಗೆ ನಾವು ಸಹನೆಯನ್ನು ಬೋಧಿಸಿ ಉಪಾಯವನ್ನು ಕೈಬಿಟ್ಟಿದ್ದೇವೆ.

ಹಾಗಾದರೆ ತರಗತಿ ಎಷ್ಟು ತಂಪಾಗಿರಬೇಕು? ಯುರೋಪಿನವರ ಲೆಕ್ಕವನ್ನು ಇಲ್ಲಿಗೆ ತರುವಂತಿಲ್ಲ. ಅಲ್ಲಿಯ ಮಕ್ಕಳನ್ನು ಪರೀಕ್ಷಿಸಿದವರು, ಕೋಣೆ 30 ಡಿಗ್ರಿಯಿಂದ 20ಕ್ಕೆ ಇಳಿದರೆ ಪಾಠದ ಕೆಲಸ ನೂರಕ್ಕೆ 20ರಷ್ಟು ಉತ್ತಮಗೊಳ್ಳುವುದೆಂದು ಅಂದಾಜು ಮಾಡಿದ್ದಾರೆ. ನಮ್ಮ ಮಕ್ಕಳನ್ನು 20 ಡಿಗ್ರಿಯಲ್ಲಿ ಕೂರಿಸಿದರೆ ಸ್ವೆಟರು ಹುಡುಕಿಯಾರು. ಯಾವ ಹವೆಯಲ್ಲಿ ಬೆಳೆಯುತ್ತೇವೋ ಆ ಹವೆಗೆ ಮೈ ಒಗ್ಗುತ್ತದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಭಾರತದ ಐದು ನಗರಗಳ ಕಚೇರಿಗಳಲ್ಲಿ ಜನರನ್ನು ಕೇಳಿ ಒಂದು ಸೂತ್ರ ಮಾಡಿದರು. ಅದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿಯೂ ಸೇರಿತು. ಅದರ ಪ್ರಕಾರ, ಹೊರಗಿನ ಸರಾಸರಿ ಉಷ್ಣತೆ 30 ಇರುವ ತಿಂಗಳಲ್ಲಿ, ಕಿಟಕಿ ತೆರೆದ ಕೋಣೆಯಲ್ಲಿ ಸುಮಾರು 29 ಡಿಗ್ರಿ ನಮ್ಮವರಿಗೆ ಹಿತವಾಗಿರುತ್ತದೆ. ಆದುದರಿಂದ ನಾವು ಬೇಡುವುದು ಊಟಿಯ ಚಳಿಯನ್ನಲ್ಲ. ಹೊರಗಿನ ನೆರಳಿಗಿಂತ ಒಳಗಿನ ಕೋಣೆ ಬಿಸಿಯಾಗಿರಬಾರದು, ಅಷ್ಟೆ.

ಬೇಲಾಪುರದ ವಿಚಾರಕ್ಕೆ ಬರೋಣ. ಒಂದು ಕಡೆ ಪಾರ್ಸಿಕ್ ಬೆಟ್ಟ, ಇನ್ನೊಂದು ಕಡೆ ಸಮುದ್ರದ ಖಾರಿ. ಈ ಸೀಮೆಯಲ್ಲಿ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಪೂರ್ವದ ನೆಲದ ಗಾಳಿ ಬೀಸಿ, ಕಡಲಗಾಳಿ ಬರುವುದು ತಡವಾದ ದಿನ ಬಿಸಿ ಬಹಳ ಏರುತ್ತದೆ. ಕಡಲಗಾಳಿ ಬಂದ ಮೇಲೆ ಬಿಸಿ ಸ್ವಲ್ಪ ಇಳಿದರೂ ತೇವ ಏರುತ್ತದೆ. ಆ ಗಾಳಿ ಬರುವುದು ಪಶ್ಚಿಮದಿಂದ. ಮಧ್ಯಾಹ್ನದ ಬಿಸಿಲು ಬರುವುದೂ ಪಶ್ಚಿಮದಿಂದಲೇ. ಕಿಟಕಿ ಮುಚ್ಚಿದರೆ ಗಾಳಿಯಿಲ್ಲ, ತೆರೆದರೆ ಬಿಸಿಲು. ಇದಕ್ಕೆ ಉತ್ತರ ಕಿಟಕಿಯ ಹೊರಗೆ ನೆರಳು ಮಾಡುವುದು. ಕಿಟಕಿಯ ಒಳಗೆ ಪರದೆ ಕಟ್ಟಿದರೆ, ಬಿಸಿಲು ಗಾಜನ್ನು ದಾಟಿ ಆಗಲೇ ಒಳಗೆ ಬಂದಿರುತ್ತದೆ. ಹೊರಗೆ ಚಪ್ಪರವೋ ಮರವೋ ಇದ್ದರೆ ಬಾಗಿಲಲ್ಲಿಯೇ ತಡೆದಂತೆ.

ಇದು ಈ ಊರಿಗೆ ಹೊಸ ವಿದ್ಯೆಯಲ್ಲ. ನವಿ ಮುಂಬಯಿಯನ್ನು ಕಟ್ಟಲೆಂದು ಸಿಡ್ಕೋ ಸಂಸ್ಥೆ 1970ರಲ್ಲಿ ಹುಟ್ಟಿದಾಗ ಅದರ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು ಚಾರ್ಲ್ಸ್ ಕೊರಿಯಾ. ಕಟ್ಟಡದ ಆಕಾರ ಹವೆಯನ್ನು ಅನುಸರಿಸಬೇಕೆಂಬುದು ಅವರ ಜೀವಮಾನದ ವಾದ. ಅವರು 1980ರ ದಶಕದಲ್ಲಿ ರೂಪಿಸಿದ ಕಲಾವಿದರ ಗ್ರಾಮ, ನಾವು ಆರ್ಟಿಸ್ಟ್ಸ್ ವಿಲೇಜ್ ಎನ್ನುವುದು, ನಮ್ಮ ಬೇಲಾಪುರದಲ್ಲಿಯೇ ಇದೆ. ತಗ್ಗಿನ ಮನೆಗಳು, ನಡುವೆ ತೆರೆದ ಅಂಗಳ, ಇಳಿಜಾರು ಮಾಡು. ನಮ್ಮ ತೊಟ್ಟಿಮನೆಯನ್ನು ಬಲ್ಲವರಿಗೆ ಅಲ್ಲಿ ಪರಿಚಿತ ಭಾವನೆ ಬರುತ್ತದೆ. ಅಂಥ ಊರಿನಲ್ಲಿ ಮಕ್ಕಳ ಪಾಠದ ಕೋಣೆಗಳು ಗಾಜಿನ ಗೋಡೆ, ತಗಡಿನ ಚಾವಣಿಗಳಿಂದ ತುಂಬುತ್ತಿರುವುದು ಸೋಜಿಗವೇ ಸರಿ.

ಕಟ್ಟಡದಷ್ಟೇ ಮುಖ್ಯವಾದುದು ವೇಳೆ. ಮುಂಬಯಿ ಸೀಮೆಯ ಅನೇಕ ಶಾಲೆಗಳು ಎರಡು ಪಾಳಿಗಳಲ್ಲಿ ನಡೆಯುತ್ತವೆ. ಮಧ್ಯಾಹ್ನದ ಪಾಳಿಯ ಮಗು ವರ್ಷವಿಡೀ ದಿನದ ಅತಿ ಬಿಸಿಯಾದ ಹೊತ್ತನ್ನೇ ಕಾಣುತ್ತದೆ. 2025ರ ಮಾರ್ಚ್ ಕೊನೆಯಲ್ಲಿ ಮಹಾರಾಷ್ಟ್ರದ ಶಿಕ್ಷಣ ಇಲಾಖೆ, ಬಿಸಿಲಿನ ಕಾರಣದಿಂದ ಶಾಲೆಗಳನ್ನು ಬೆಳಗ್ಗೆ ಏಳರಿಂದ ನಡೆಸಲು ಸೂಚಿಸಿತು. ಅದಕ್ಕೆ ಮುಂಚೆ, 2024ರಲ್ಲಿ, ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ನಿದ್ದೆ ಸಾಲದೆಂದು ಒಂಬತ್ತು ಗಂಟೆಗೆ ಮೊದಲು ಶಾಲೆ ಬೇಡವೆಂದು ಹೇಳಿತ್ತು. ಎರಡೂ ಸರಿಯಾದ ಮಾತುಗಳೇ. ನಿದ್ದೆಯೂ ಬೇಕು, ತಂಪೂ ಬೇಕು. ಎರಡನ್ನೂ ಕೂಡಿಸಬೇಕಾದರೆ ಮನೆಯಲ್ಲಿ ರಾತ್ರಿಯ ದೀಪ ಬೇಗ ಆರಬೇಕು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನಡೆಸುತ್ತ ಬಂದಿದ್ದಾರೆ. ಎರಡು ವರ್ಷ ಹಗಲಿರುಳು ಓದಿದ ಮಕ್ಕಳನ್ನು ಮೂರು ಗಂಟೆಗಳಲ್ಲಿ ತೂಗುವ ಪರೀಕ್ಷೆಗೆ ವರ್ಷದ ಇಂಥ ಹೊತ್ತು ಏಕೆ ಬೇಕೆಂದು ಕೇಳುವ ಹಕ್ಕು ತಂದೆತಾಯಿಗಳಿಗೆ ಇದೆ.

ಹವಾನಿಯಂತ್ರಣ ಯಂತ್ರವನ್ನೇ ಹಾಕಿಸಬಾರದೇಕೆ ಎಂದರೆ, ಶಕ್ತಿಯಿದ್ದವರು ಹಾಕಿಸಲಿ. ನಾವು ಅದರ ವಿರೋಧಿಗಳಲ್ಲ. ಆದರೆ ಕಿಟಕಿಗಳನ್ನೆಲ್ಲ ಮುಚ್ಚಿ ಹದಿನೆಂಟು ಡಿಗ್ರಿಗೆ ತಿರುಗಿಸಿಟ್ಟರೆ, ಐವತ್ತು ಮಕ್ಕಳ ಉಸಿರು ಅಲ್ಲಿಯೇ ಸುತ್ತುತ್ತ ಜಡತೆ ತರುತ್ತದೆ. ಹೊಸ ಗಾಳಿ ಒಳಗೆ ಬರುವಂತಿರಬೇಕು. 2020ರಿಂದ ಹೊಸ ಯಂತ್ರಗಳನ್ನು 24 ಡಿಗ್ರಿಗೆ ಹೊಂದಿಸಿಯೇ ಮಾರಬೇಕೆಂದು ಸರಕಾರ ಗೊತ್ತುಮಾಡಿದೆ. ಪಂಖದ ಜೊತೆಯಲ್ಲಿ ಅದಕ್ಕಿಂತ ಎರಡು ಮೂರು ಡಿಗ್ರಿ ಮೇಲಿದ್ದರೂ ಮಕ್ಕಳಿಗೆ ಸಾಕು.

ಯಂತ್ರಕ್ಕೆ ಶಕ್ತಿಯಿಲ್ಲದವರು ಮಾಡಬಹುದಾದದ್ದು ಕಡಮೆಯೇನೂ ಇಲ್ಲ. ತಗಡಿನ ಅಥವಾ ಕಾಂಕ್ರೀಟಿನ ಚಾವಣಿಗೆ ಮಳೆಗಾಲ ಮುಗಿದ ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಮೇಲಕ್ಕೆ ಮರಳುತ್ತದೆ. 2010ರ ಬಿಸಿಗಾಳಿಯಲ್ಲಿ ಬಹಳ ಸಾವುನೋವು ಕಂಡ ಅಹಮದಾಬಾದ್ 2013ರಲ್ಲಿ ಬಿಸಿಗಾಳಿಯನ್ನು ಎದುರಿಸುವ ಯೋಜನೆ ಮಾಡಿತು. ಮುಂದೆ ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಯುವ ಕೆಲಸವನ್ನೂ ಕೈಗೊಂಡಿತು. ಪಂಖ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ. ಆದುದರಿಂದ ಅದು ಪ್ರತಿಯೊಂದು ಬೆಂಚಿಗೂ ಎಟಕಬೇಕು. ಗೋಡೆಯ ಬದಿಯ ಜಾಗ ಒಂದೇ ಮಗುವಿನ ಪಾಲಿಗೆ ಬರದಂತೆ ವಾರ ವಾರ ಜಾಗ ಬದಲಿಸಬೇಕು. ಲೆಕ್ಕ, ವ್ಯಾಕರಣಗಳನ್ನು ತಂಪು ಹೊತ್ತಿಗೂ, ಹಾಡು, ಚಿತ್ರ, ಕಥೆಗಳನ್ನು ಸೆಕೆಯ ಹೊತ್ತಿಗೂ ಇಟ್ಟುಕೊಳ್ಳಬೇಕು. ಬಟ್ಟೆಯ ವಿಚಾರದಲ್ಲಿ, ಬೆವರು ಹೀರದ ಬಟ್ಟೆಯ ಅಂಗಿ, ಕೊರಳಿಗೆ ಟೈ, ಕಾಲಿಗೆ ಕಾಲುಚೀಲ ಬೂಟು, ಇವು ಚಳಿದೇಶದ ವೇಷ. ಬೇಸಗೆಯಲ್ಲಾದರೂ ಹತ್ತಿಯ ಅಂಗಿಗೂ ಚಪ್ಪಲಿಗೂ ಅನುಮತಿ ಕೊಡಿರೆಂದು ಪಾಲಕರ ಸಭೆಯಲ್ಲಿ ನಾವು ಬಾಯಿಬಿಟ್ಟು ಕೇಳಬೇಕು.

ನೀರಿನ ವಿಚಾರದಲ್ಲಿ ಕೇರಳದ ಕೆಲವು ಶಾಲೆಗಳು 2019ರಲ್ಲಿ ಒಳ್ಳೆಯ ದಾರಿ ತೋರಿದವು. ದಿನದಲ್ಲಿ ಎರಡು ಮೂರು ಬಾರಿ ನೀರು ಕುಡಿಯಲೆಂದೇ ಗಂಟೆ ಬಾರಿಸುವುದು. ಕರ್ನಾಟಕದ ಶಾಲೆಗಳಿಗೂ ಅದು ಬೇಗನೆ ಬಂತು. ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಶೌಚಾಲಯದ ಅವಸ್ಥೆಗೆ ಹೆದರಿ ನೀರು ಕುಡಿಯದೆ ಬಾಟಲಿಯನ್ನು ತುಂಬಿದಂತೆಯೇ ಮನೆಗೆ ತರುತ್ತಾರೆಂಬುದನ್ನು ತಾಯಂದಿರು ಬಲ್ಲರು. ಆದುದರಿಂದ ನೀರಿನ ಗಂಟೆಯ ಜೊತೆಗೆ ಚೊಕ್ಕಟವಾದ ಶೌಚಾಲಯವನ್ನೂ ಕೇಳಬೇಕು. ಇನ್ನು, ಮಗು ತಲೆ ಸುತ್ತುತ್ತದೆಂದರೆ, ಮಂಕಾಗಿ ಅಸಂಬದ್ಧ ಮಾತನಾಡಿದರೆ, ಕೂಡಲೇ ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಚಿಮುಕಿಸಿ ಗಾಳಿ ಹಾಕುತ್ತ ವೈದ್ಯರನ್ನು ಕರೆಯಬೇಕು. ಗದರಿಸುವ ಹೊತ್ತಲ್ಲ ಅದು.

ಕೊನೆಯದಾಗಿ ನಮ್ಮ ಕನ್ನಡದ ಪಾಠಗಳ ಮಾತು. ಹೊರನಾಡಿನಲ್ಲಿ ತಾಯ್ನುಡಿಯ ಪಾಠಕ್ಕೆ ಯಾವಾಗಲೂ ಉಳಿದದ್ದೇ ದೊರೆಯುತ್ತದೆ: ಉಳಿದ ಕೋಣೆ, ಉಳಿದ ವೇಳೆ, ವಾರವೆಲ್ಲ ದಣಿದು ಉಳಿದ ಮಗುವಿನ ಶಕ್ತಿ. ಇಂಗ್ಲಿಷು ಗಣಿತಗಳ ಟ್ಯೂಶನ್ನಿಗೆ ತಂಪು ಕೋಣೆ, ಕನ್ನಡಕ್ಕೆ ತಗಡಿನ ಚಾವಣಿ. ಆಮೇಲೆ ನಾವೇ ಸಭೆ ಸೇರಿ, "ಮಕ್ಕಳಿಗೆ ಕನ್ನಡದಲ್ಲಿ ಆಸಕ್ತಿಯಿಲ್ಲ" ಎಂದು ಮರುಗುತ್ತೇವೆ. ಮಗುವಿನ ಮನಸ್ಸು ಭಾಷೆಯನ್ನೂ ಅದನ್ನು ಕಲಿತ ಜಾಗವನ್ನೂ ಬೇರೆ ಬೇರೆ ಮಾಡಿ ನೋಡುವುದಿಲ್ಲ. ಕನ್ನಡವೆಂದರೆ ಬೆವರು, ತಲೆನೋವು, ಬೈಗುಳ ಎಂದು ಒಮ್ಮೆ ಮನಸ್ಸಿಗೆ ಅಂಟಿದರೆ, ಅದನ್ನು ಬಿಡಿಸಲು ಯಾವ ರಾಜ್ಯೋತ್ಸವದ ಭಾಷಣಕ್ಕೂ ಸಾಧ್ಯವಿಲ್ಲ.

ನಾವು ಆ ಪಾಠವನ್ನು ಭಾನುವಾರ ಬೆಳಗ್ಗೆ ಎಂಟೂವರೆಗೆ, ಒಬ್ಬ ಸದಸ್ಯರ ಮನೆಯ ನೆಲ ಅಂತಸ್ತಿನ ಪಡಸಾಲೆಗೆ ಬದಲಾಯಿಸಿದೆವು. ಜಾಗ ಚಿಕ್ಕದು, ಮಕ್ಕಳು ಚಾಪೆಯ ಮೇಲೆ ಕೂರಬೇಕಾಯಿತು. ಎದುರುಬದುರು ಕಿಟಕಿಗಳಿದ್ದವು, ಹೊರಗೆ ಒಂದು ಬಾದಾಮಿ ಮರವಿತ್ತು. ಪುಸ್ತಕ ಅದೇ, ಕಲಿಸುವವರು ಅದೇ ನಾವು. ಮಕ್ಕಳು ಮಾತ್ರ ಎರಡು ಗಂಟೆ ಮುಗಿದದ್ದೇ ತಿಳಿಯದೆ ಓದಿದರು. ಅಂದು ನಾವು ಗದರಿಸಿದ ಹುಡುಗ ಮರಳಿ ಬರಲಿಲ್ಲ. ಅವನ ತಂಗಿ ಬಂದಳು. ಈಗ ಅಜ್ಜಿಗೆ ಕನ್ನಡದಲ್ಲಿಯೇ ಕಾಗದ ಬರೆಯುತ್ತಾಳೆಂದು ಅವರ ತಾಯಿ ಹೇಳಿದರು. ಸಂತೋಷವಾಯಿತು. ಆದರೆ ಆ ಹುಡುಗನ ಮುಂದೆ ನಿಂತು ತಪ್ಪಾಯಿತೆಂದು ಹೇಳುವ ಧೈರ್ಯ ನಮಗೆ ಇನ್ನೂ ಬಂದಿಲ್ಲ.

ಆದುದರಿಂದ ತಂದೆತಾಯಿಗಳಲ್ಲಿಯೂ, ಪಾಠ ಹೇಳುವ ಮಿತ್ರರಲ್ಲಿಯೂ ನಮ್ಮದೊಂದು ಪ್ರಾರ್ಥನೆ. ಮಗುವಿನ ಗಮನ ಚದುರಿದೆಯೆಂದು ಕಂಡಾಗ, ಬಾಯಿ ತೆರೆಯುವ ಮೊದಲು ಆ ಮಗುವಿನ ಜಾಗದಲ್ಲಿ ಹತ್ತು ನಿಮಿಷ ಕುಳಿತು ನೋಡಿರಿ. ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿರಿ. ಆಮೇಲೆಯೂ ಗದರಿಸಬೇಕೆನಿಸಿದರೆ ಗದರಿಸಿರಿ.